ಕ್ರ್ಯಾಬ್‌ಆಪಲ್‌ನ ಮೊದಲ ಹೂ

"ಅತ್ತೆ!... ಏನು ಮಾಡಿಬಿಟ್ಟಿರಿ ನೀವು!"

ಸೌಜನ್ಯಾಳ ಕೂಗಿಗೆ ಬೆಚ್ಚಿದ ಶಿವಲಿಂಗಮ್ಮನವರ ಕೈಯಲ್ಲಿ ಬುಟ್ಟಿ ತುಂಬ ನಸುಗೆಂಪು ಹೂಗಳಿದ್ದವು. ಕ್ರ್ಯಾನ್‌ಬರಿ ಎಂಬ ಅಮೆರಿಕನ್ ಊರಿನ ಆ ಮನೆಯ ಹಿತ್ತಲಲ್ಲಿ ಕ್ರ್ಯಾಬ್‌ಆಪಲ್ ಗಿಡ ಬೋಳಾಗಿ ನಿಂತಿತ್ತು. ಹಣ್ಣಿಗಲ್ಲ, ಹೂವಿನ ಚೆಲುವಿಗೆಂದೇ ಬೆಳೆಸುವ ಸಣ್ಣ ಮರ ಅದು. ನೆಟ್ಟ ಮೂರನೆಯ ವಸಂತದಲ್ಲಿ ಮೊದಲ ಸಲ ಹೂ ಬಿಟ್ಟಿತ್ತು.

"ಯಾಕ್ ಹಂಗ ಒದರ್ತೀ? ನಿನ್ನ ಮಡಿಲಾಗ ಒಂದು ಕೂಸು ಆಡ್ಲಿ ಅಂತ ಲಿಂಗಕ್ಕ ಏರಸಾಕ ಹರದೇನಿ! ಮೂರು ತಿಂಗಳ ಬಸಿರನ್ನ ಉಳಿಸ್ಕೊಳ್ಳಾಕ ಆಗ್ಲಿಲ್ಲ, ಈಗ ಗಿಡದ ಬಾಣಂತನ ನಡಿಸೀಯಲ್ಲ!"

ಧಾರವಾಡದಿಂದ ಬಂದ ದಿನದಿಂದಲೂ ಸೊಸೆಯನ್ನು ಚುಚ್ಚದೆ ಈ ಅತ್ತೆಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಆದರೆ ಗಿಡದ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳೇನಲ್ಲ. ಜಿಂಕೆಗಳು ತೊಗಟೆ ಮೇಯದಂತೆ ಸುತ್ತ ತಂತಿಬಲೆ, ಬೇಸಿಗೆಯಲ್ಲಿ ಬೇರಿಗಿಳಿಯುವಷ್ಟು ನೀರು, ಬುಡದಿಂದೇಳುವ ಕಳ್ಳಚಿಗುರನ್ನು ಚಿವುಟುವುದು, ಚುಕ್ಕೆರೋಗದ ಎಲೆ ಉದುರಿದರೆ ಒಂದೂ ಬಿಡದೆ ಆಯುವುದು... ಹಸುಗೂಸನ್ನು ಸಾಕಿದ ಹಾಗೆಯೇ ಸಾಕಿದ್ದಳು ಸೌಜನ್ಯಾ.

ಗಲಾಟೆ ಕೇಳಿ ವೀರೇಂದ್ರ ಬಾಗಿಲಿಗೆ ಬಂದ. "ಸೌಜು, ಪ್ಲೀಸ್... ಲೆಟ್ ಇಟ್ ಗೋ. ಮುಂದಿನ ಸ್ಪ್ರಿಂಗ್‌ಗೆ ಮತ್ತೆ ಹೂ ಬರುತ್ತೆ."

"ಇನ್ನು ನನ್ನ ಕೈಲಿ ಆಗಲ್ಲ ವೀರೇಂದ್ರ! ಮೂರು ತಿಂಗಳಲ್ಲ ಅತ್ತೆ, ಎಂಟು ತಿಂಗಳು! ಹೆಣ್ಣುಮಗು... ಉಸಿರಿಲ್ಲದೆ ಹುಟ್ಟಿತು. ಅವಳ ಬೂದಿ ಈ ಗಿಡದ ಬುಡದಲ್ಲಿದೆ!"

"ಬೂದಿ?... ನಮ್ಮ ಕೂಸನ್ನ ಸುಟ್ರೇನು?"

ಅವರ ಲಿಂಗಾಯತರ ಮನೆಯಲ್ಲಿ ತೀರಿಕೊಂಡವರನ್ನು ಮಣ್ಣು ಮಾಡುತ್ತಾರೆ, ಸುಡುವುದಿಲ್ಲ. ಆದರೆ ಅಂದು ಸುಡಬಹುದೇ ಎಂದು ಆಸ್ಪತ್ರೆಯವರು ಕೇಳಿದಾಗ, ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜು ಮಾಡುವ ವೈಟುಕೆ ಗಡಿಬಿಡಿಯಲ್ಲಿ ಮ್ಯಾನ್‌ಹಟನ್ನಿನಲ್ಲಿ ಸಿಕ್ಕಿಕೊಂಡಿದ್ದ ವೀರೇಂದ್ರ ಫೋನಿನಲ್ಲೇ ಎಲ್ಲದಕ್ಕೂ ಹೂಂಗುಟ್ಟಿದ್ದ. ಆಮೇಲೆ ಅವ್ವನಿಗೆ ಹೆದರಿ, ಮೂರನೇ ತಿಂಗಳಿಗೇ ಹೋಯಿತೆಂದು ಸುಳ್ಳು ಹೇಳಿದ್ದ. ಅತ್ತೆಯ ಕೊಂಕನ್ನೆಲ್ಲ ಸೌಜನ್ಯಾ ನುಂಗಿಕೊಂಡದ್ದು ಗಂಡನ ಆ ಒಂದು ಸುಳ್ಳನ್ನು ಕಾಯಲಿಕ್ಕಾಗಿ! ಎಂಥ ಶಿಕ್ಷೆ ಅದು...

ಶಿವಲಿಂಗಮ್ಮ ಬಯ್ಯಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟು ಮಗನತ್ತ ತಿರುಗಿದರು.

"ಯಾರ್ಹಂಗ ಇತ್ತೋ ವೀರೂ, ಕೂಸು?"

"ನಾ ನೋಡ್ಲಿಲ್ಲವ್ವ... ರಾತ್ರಿ ಆಸ್ಪತ್ರಿಗೆ ಹೋದಾಗ, ನೋಡ್ತೀರೇನು ಅಂತ ನರ್ಸ್ ಕೇಳಿದ್ಲು. ನನಗ ಧೈರ್ಯ ಆಗ್ಲಿಲ್ಲ."

ಆ ತಾಯಿ ಮಗನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಸೊಸೆಯ ಕೈ ಹಿಡಿದರು. "ನೀನರ ನೋಡೀಯೇನ್, ನನ್ನವ್ವಾ?"

"ನೋಡಿದೆ ಅತ್ತೆ... ನಿಮ್ಮದೇ ಮೂಗು. ಥೇಟ್ ನಿಮ್ಮ ಹಾಗೇ."

"ಅಯ್ಯೋ ಶಿವನೇ! ನನ್ನ ಮೂಗು ಹೊತ್ತು ಬಂದಿದ್ಲಾ?... ನಾ ಒಮ್ಮಿ ಎತ್ತಿಕೊಳ್ಳಲಿಲ್ಲಲ್ಲ!" ಶಿವಲಿಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹುಲ್ಲಿನ ಮೇಲೆ ಕುಸಿದರು. "ಹೇಳವ್ವಾ... ಕೂದಲು ಇದ್ದುವೇನು? ಕೈ ಹೆಂಗಿದ್ದುವು?"

ಸೌಜನ್ಯಾ ಪಕ್ಕದಲ್ಲಿ ಕುಳಿತು ಬಿಕ್ಕುತ್ತ ಹೇಳತೊಡಗಿದಳು. ಇಷ್ಟು ವರ್ಷಗಳಲ್ಲಿ ಅವಳನ್ನು ಯಾರೂ ಇದನ್ನು ಕೇಳಿರಲಿಲ್ಲ! ವೀರೇಂದ್ರ ಹೊಸ್ತಿಲಲ್ಲೇ ನಿಂತು, ತನ್ನ ಮಗಳು ಹೇಗಿದ್ದಳೆಂದು ಅಂದು ಮೊದಲ ಬಾರಿಗೆ ಕೇಳಿಸಿಕೊಂಡ.