ಕಾಣದ ನಾಲ್ಕು ಡಿಸ್ಕುಗಳು

"ಲೈಟ್ ಹತ್ತೇದ, ಫ್ಯಾನ್ ತಿರಗಲಿಕತ್ತೇದ. ಮತ್ತ ಡಿಸ್ಕ್ ಕಾಣವಲ್ವು ಅಂತೀಯಲ್ಲಪಾ, ನಿನಗೇನ್ ಕಣ್ಣಿಲ್ಲೇನು?"

ಅರ್ಧ ತೆರೆದ ಬಾಗಿಲ ಹಿಂದಿನಿಂದ ಬಂದ ಧಾರವಾಡದ ಕನ್ನಡ ಕೇಳಿ ಮಂಜರಿ ಕಾರಿಡಾರಿನಲ್ಲೇ ನಿಂತುಬಿಟ್ಟಳು. 2009ರ ಮಾರ್ಚ್ ತಿಂಗಳ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಶಿಕಾಗೋ ಪಕ್ಕದ ಲೈಲ್ ಊರಿನ ಆ ಸ್ಕ್ಯಾನಿಂಗ್ ಸೆಂಟರಿಗೆ ವಾರಾಂತ್ಯದ ರಜೆ. ಸೆಕ್ಯೂರಿಟಿಯವನು ಬ್ಯಾಡ್ಜ್ ಕೊಟ್ಟು, ಸರ್ವರ್ ರೂಮ್ ಕೊನೆಯಲ್ಲಿದೆ ಎಂದು ಕೈತೋರಿಸಿದ್ದ.

"ಕಣ್ಣಿರುತ್ತೆ. ಹೀಗೆ ಬೈದ್ರೆ ಮುಚ್ಕೊಂಡಿರುತ್ತೆ ಅಷ್ಟೆ," ಎಂದಳು ಬಾಗಿಲು ತಳ್ಳಿ.

ಒಳಗೆ ಒಬ್ಬನೇ ಕೂತು ಸರ್ವರಿಗೇ ಬೈಯುತ್ತಿದ್ದವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಠಣ್ ಎಂದು ಬಿತ್ತು. ಮೂವತ್ತೈದರ ಆಸುಪಾಸು, ಎರಡು ದಿನ ಶೇವ್ ಮಾಡದ ಮುಖ. ಅವಳನ್ನು ನೋಡಿದ, ಅವಳ ಬ್ಯಾಡ್ಜ್ ನೋಡಿದ, ಮತ್ತೆ ಅವಳನ್ನು ನೋಡಿದ.

"ಎಂ. ಪದ್ಮನಾಭ ಬರ್ತಾರ ಅಂತ ಸರ್ವಿಸ್ ಕಂಪನಿಯವರು ಮೇಲ್ ಮಾಡಿದ್ರು. ನಾನು ಯಾರೋ ಅಂಕಲ್ ಅನ್ಕೊಂಡಿದ್ದೆ."

"ಪದ್ಮನಾಭ ನಮ್ಮಪ್ಪ. ಎಂ ಅಂದ್ರೆ ಮಂಜರಿ. ಅಂಕಲ್ಲೇ ಬೇಕು ಅಂದ್ರೆ ಫೋನ್ ಮಾಡ್ತೀನಿ."

"ಬ್ಯಾಡ್ರಿ, ಬ್ಯಾಡ್ರಿ," ಎಂದು ಅವನು ಗಾಬರಿಯಿಂದ ಹೇಳಿ, ಆಮೇಲೆ ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಒಂದೇ ಕಡೆ ಏಕೆ ಎಂದು ಯೋಚಿಸುತ್ತ ಮಂಜರಿ ಬ್ಯಾಗ್ ಕೆಳಗಿಟ್ಟಳು. "ನಾನು ಶ್ರೀಕಾಂತ್. ಇಲ್ಲಿ ಐಟಿ ಡಿಪಾರ್ಟ್‌ಮೆಂಟ್ ಅಂದ್ರ ನಾನೊಬ್ಬನೇ."

"ಏನೇನು ಮಾಡಿ ನೋಡಿದೀರಿ, ಹೇಳಿ."

"ನಾಲ್ಕು ಹೊಸಾ ಡಿಸ್ಕ್ ಹಾಕೀನ್ರಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡೀನಿ, ಮೂರು ಸಲ ರೀಬೂಟ್ ಮಾಡೀನಿ. ಒಂದೊಂದೇ ಡಿಸ್ಕ್ ತಗದು ಬ್ಯಾರೆ ಮಷೀನಿಗೆ ಹಾಕೀನಿ. ಅಲ್ಲೆ ಛಂದ ಕಾಣಸ್ತಾವ. ಇಲ್ಲೆ ಮಾತ್ರ ಇಲ್ಲ."

ಮಂಜರಿ ತಲೆಯೆತ್ತಿ ಅವನನ್ನು ಸರಿಯಾಗಿ ನೋಡಿದಳು. ಇಷ್ಟು ಕ್ರಮವಾಗಿ ಪರೀಕ್ಷೆ ಮಾಡಿಟ್ಟ ಗಿರಾಕಿ ಅವಳಿಗೆ ಈ ಮೂರು ತಿಂಗಳಲ್ಲಿ ಸಿಕ್ಕಿರಲಿಲ್ಲ.

ವಿಷಯ ಸರಳವಾಗಿತ್ತು, ಗಂಭೀರವೂ ಆಗಿತ್ತು. ಎಂಟು ಡಿಸ್ಕ್ ಹಿಡಿಯುವ ಆ ಸರ್ವರಿನಲ್ಲಿ ಈ ಹೊಸವು ಬರುವ ಮೊದಲು ನಾಲ್ಕು ಮಾತ್ರ ಇದ್ದವು. ರೋಗಿಗಳ ಸ್ಕ್ಯಾನ್ ಚಿತ್ರಗಳಿಂದ ಆ ನಾಲ್ಕೂ ತುಂಬುತ್ತ ಬಂದಿದ್ದವು. ಮಂಗಳವಾರದ ಹೊತ್ತಿಗೆ ಜಾಗವೇ ಉಳಿಯುವುದಿಲ್ಲ. ಆಮೇಲೆ ಬಂದ ರೋಗಿಗಳನ್ನು ವಾಪಸ್ ಕಳಿಸಬೇಕು.

ಇನ್ನೊಂದು ವಿಷಯ ಮಂಜರಿಗೆ ಮಾತ್ರ ಗೊತ್ತಿತ್ತು. ನಿನ್ನೆ ಅವಳ ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದ: ಅಲ್ಲಿಯ ಐಟಿಯವನು ಡಿಸ್ಕ್ ತಪ್ಪಾಗಿ ಹಾಕಿದ್ದಾನೆ ಎಂದು ರಿಪೋರ್ಟ್ ಬರಿ, ಅವನನ್ನು ತೆಗೆದು ಇಡೀ ಕೆಲಸ ನಮಗೇ ಕೊಡುತ್ತಾರೆ. "ನೋಡಿ ಬರೀತೀನಿ," ಎಂದಷ್ಟೇ ಅವಳು ಉತ್ತರ ಕೊಟ್ಟಿದ್ದಳು. ನವೆಂಬರಿನಲ್ಲಿ ಡೆಟ್ರಾಯಿಟ್‌ನ ಕಾರು ಬಿಡಿಭಾಗದ ಕಂಪನಿ ಅವಳ ಇಡೀ ಟೀಮನ್ನು ಮನೆಗೆ ಕಳಿಸಿದ ಮೇಲೆ ಸಿಕ್ಕಿದ್ದ ಕಾಂಟ್ರಾಕ್ಟ್ ಇದು. ಇದಕ್ಕಾಗಿ ಅವಳು ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನ ತನ್ನ ಮನೆಯಿಂದ ಇನ್ನೂರ ಎಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು.

ಸರ್ವರ್ ಆಫ್ ಮಾಡಿ, ರ‍್ಯಾಕಿನಿಂದ ಹೊರಗೆಳೆದು, ಇಬ್ಬರೂ ಸೇರಿ ಮುಚ್ಚಳ ತೆಗೆದರು. ಶ್ರೀಕಾಂತ್ ಟಾರ್ಚ್ ಹಿಡಿದ. ಅವಳು ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಬಗ್ಗಿದಳು. ಬೆಳಕು ಸ್ವಲ್ಪ ಹೊತ್ತು ಸರ್ವರಿನೊಳಗೇ ಇತ್ತು. ಆಮೇಲೆ ಮೆಲ್ಲಗೆ ಸರಿದು ಅವಳ ಕಿವಿಯೋಲೆಯ ಮೇಲೆ ನಿಂತಿತು.

"ಶ್ರೀಕಾಂತ್, ಡಿಸ್ಕ್ ಈ ಕಡೆ ಇದೆ."

"ಸಾರಿ ರೀ." ಬೆಳಕು ಥಟ್ಟನೆ ವಾಪಸ್ ಬಂತು. ಮಂಜರಿ ಮುಖ ತಿರುಗಿಸದೆಯೇ ತುಟಿಯಂಚಿನಲ್ಲಿ ನಕ್ಕಳು.

ಮರುಕ್ಷಣವೇ ಅವಳಿಗೆ ಕಾರಣ ಸಿಕ್ಕಿತು. "ಇಲ್ಲಿ ನೋಡಿ. ಡಿಸ್ಕ್‌ಗಳ ಹಿಂದಿನ ಬೋರ್ಡ್‌ನಿಂದ ಕಂಟ್ರೋಲರ್ ಕಾರ್ಡಿಗೆ ಎರಡು ಕೇಬಲ್ ಬರಬೇಕು. ಒಂದು ಕೇಬಲ್‌ಗೆ ನಾಲ್ಕು ಡಿಸ್ಕ್. ಇಲ್ಲಿರೋದು ಒಂದೇ. ಮೊದಲು ನಾಲ್ಕೇ ಡಿಸ್ಕ್ ಆರ್ಡರ್ ಮಾಡಿದ್ದಕ್ಕೆ ಒಂದೇ ಕೇಬಲ್ ಹಾಕಿ ಕಳಿಸಿದ್ದಾರೆ. ಇನ್ನೊಂದು ಯಾವತ್ತೂ ಇರಲೇ ಇಲ್ಲ."

"ಮತ್ತ ಲೈಟ್ ಹೆಂಗ ಹತ್ತತಾವ?"

"ಕರೆಂಟ್ ಬೇರೆ ವೈರಲ್ಲಿ ಬರುತ್ತೆ. ಡಿಸ್ಕ್‌ಗಳೆಲ್ಲ ಎಚ್ಚರವಾಗಿವೆ, ಮಾತು ಮಾತ್ರ ಯಾರಿಗೂ ಕೇಳಿಸ್ತಿಲ್ಲ."

"ನಮ್ಮ ಸೋಮವಾರದ ಮೀಟಿಂಗ್ ಇದ್ದಂಗ."

ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ತನ್ನ ಮಾತಿಗೆ ಒಬ್ಬರು ಹೀಗೆ ನಕ್ಕು ಬಹಳ ದಿನವಾಗಿತ್ತು ಎನ್ನುವಂತೆ ಅವನು ಅವಳನ್ನೇ ನೋಡುತ್ತ ನಿಂತ.

ಆದರೆ ಆ ಕೇಬಲ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಆರ್ಡರ್ ಮಾಡಿದರೆ ಬುಧವಾರ ಬರುತ್ತಿತ್ತು. ಶ್ರೀಕಾಂತನಿಗೆ ಪಕ್ಕದ ಊರು ನೇಪರ್‌ವಿಲ್‌ನಲ್ಲಿದ್ದ ಪರಿಚಯದ ಅಶ್ವಥ್ ಅಂಕಲ್ ನೆನಪಾದರು. ಜನವರಿಯಲ್ಲಿ ಕೆಲಸ ಹೋದ ಮೇಲೆ ಅವರು, ಮುಚ್ಚಿಹೋದ ಆಫೀಸುಗಳಿಂದ ಹಳೆಯ ಸರ್ವರ್ ತಂದು, ಗರಾಜಿನಲ್ಲಿ ಬಿಚ್ಚಿ ಬಿಡಿಭಾಗ ಮಾರುತ್ತಿದ್ದರು. ಒಂದು ಫೋನ್ ಮಾಡಿದ್ದಕ್ಕೆ, "ಬಾರಪ್ಪ, ಎರಡು ಇದೆ" ಎಂದರು.

ದಾರಿಯುದ್ದಕ್ಕೂ ಗಾಜಿನ ಆಫೀಸುಗಳ ಮುಂದೆ "ಬಾಡಿಗೆಗಿದೆ" ಎಂಬ ಬೋರ್ಡುಗಳು. ಶ್ರೀಕಾಂತ್ ಡ್ರೈವ್ ಮಾಡುತ್ತ ಅವುಗಳನ್ನು ಎಣಿಸುತ್ತಿದ್ದ. ಮಂಜರಿ ಕಿಟಕಿಯ ಕಡೆಯಿಂದ ಅವನತ್ತ ತಿರುಗಿದಳು.

"ನಿಮಗೊಂದು ವಿಷಯ ಹೇಳ್ಬೇಕು. ನೀವು ಡಿಸ್ಕ್ ತಪ್ಪಾಗಿ ಹಾಕಿದೀರಿ ಅಂತ ರಿಪೋರ್ಟ್ ಬರಿ ಅಂತ ನನ್ನ ಮ್ಯಾನೇಜರ್ ಹೇಳಿ ಕಳಿಸಿದ್ದಾನೆ. ನಿಮ್ಮ ಕೆಲಸ ಅವರ ಕಂಪನಿಗೆ ಬೇಕು."

ಅವನು ಎಣಿಸುವುದನ್ನು ನಿಲ್ಲಿಸಿದ.

"ನಾನು ಎಚ್-ಒನ್ ವೀಸಾ ಮ್ಯಾಲ ಇದ್ದೀನ್ರಿ. ಕೆಲಸ ಹೋದ್ರ ಮನಿ ಖಾಲಿ ಮಾಡಿ ಇಂಡಿಯಾಕ್ಕ ವಾಪಸ್ ಹೋಗೋದಷ್ಟೇ." ಅವನ ದನಿ ತಣ್ಣಗಾಗಿತ್ತು. "ಮುಂಜಾನಿಂದ ಇದು ಗೊತ್ತಿದ್ದೂ ನೀವು ನಕ್ಕೋತ ಕೆಲಸ ಮಾಡಿದ್ರಿ."

"ಹೌದು. ಏನಾಗಿದೆ ಅಂತ ಗೊತ್ತಾಗೋ ತನಕ ಹೇಳೋದಕ್ಕೆ ಏನೂ ಇರಲಿಲ್ಲ. ತಪ್ಪು ನಿಮ್ಮದಾಗಿದ್ರೆ ಅದನ್ನೂ ಬರೀತಿದ್ದೆ. ಅಲ್ಲ ಅಂತ ಈಗ ಕಣ್ಣಾರೆ ನೋಡಿದೀನಿ. ಹಾಗಂತಾನೇ ಬರೀತೀನಿ."

"ನಿಮ್ಮ ಕಾಂಟ್ರಾಕ್ಟ್?"

"ಅದು ನನ್ನ ವಿಷಯ." ಮಂಜರಿ ಜಿಪಿಎಸ್ ಕಡೆ ಕೈತೋರಿಸಿದಳು. "ಲೆಫ್ಟ್ ತಗೊಳಿ, ಟರ್ನ್ ಮಿಸ್ ಆಗುತ್ತೆ."

ಅವನು ಎಡಕ್ಕೆ ತಿರುಗಿಸಿದ. ಬೀದಿಯ ಕೊನೆಯಲ್ಲಿ ಅಂಕಲ್ ಮನೆ. ಕಾರು ನಿಲ್ಲಿಸಿ ಕೀ ತೆಗೆದ ಮೇಲೆ ಅವನೇ ಹೇಳಿದ: "ನಾನು ಹಂಗ ಮಾತಾಡಬಾರದಿತ್ತು."

"ನಿಮ್ಮ ಜಾಗದಲ್ಲಿದ್ರೆ ನಾನು ಇನ್ನೂ ಜೋರಾಗಿ ಮಾತಾಡ್ತಿದ್ದೆ," ಎಂದಳು ಮಂಜರಿ.

ಗರಾಜಿನಲ್ಲಿ ಅಶ್ವಥ್ ಅಂಕಲ್ ಕೇಬಲ್ ಹಿಡಿದುಕೊಂಡೇ ಕಾಯುತ್ತಿದ್ದರು. ಆದರೆ ಅವರ ಹೆಂಡತಿ ಶಾರದ ಆಂಟಿ ಊಟದ ಹೊತ್ತಿನಲ್ಲಿ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವವರಲ್ಲ. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ತಟ್ಟೆಗೆ ಇಡ್ಲಿ ಹಾಕಿದರು. ಒಬ್ಬೊಬ್ಬರನ್ನೇ ದಿಟ್ಟಿಸಿ, "ನೀವಿಬ್ರೂ..." ಎಂದು ಮಾತು ಶುರು ಮಾಡಿದರು.

"ಆಫೀಸ್ ಕೆಲಸ ಆಂಟಿ!" ಇಬ್ಬರೂ ಒಟ್ಟಿಗೇ ಹೇಳಿದರು.

"ಅಯ್ಯೋ, ನೀವಿಬ್ರೂ ಚಟ್ನಿ ಹಾಕ್ಕೋತೀರಾ ಸಾಂಬಾರಾ ಅಂತ ಕೇಳೋಕೆ ಬಂದೆ ಕಣ್ರಮ್ಮ," ಎಂದರು ಶಾರದ ಆಂಟಿ. ಅಂಕಲ್ ಕೆಮ್ಮುತ್ತ ಗರಾಜಿಗೆ ಎದ್ದುಹೋದರು. ಮಂಜರಿ ತಟ್ಟೆಯಿಂದ ಕಣ್ಣೆತ್ತಿದಾಗ ಶ್ರೀಕಾಂತನ ಕಿವಿಗಳು ಕೆಂಪಾಗಿದ್ದವು. ಅವಳು ಬೇಕೆಂದೇ ಇನ್ನೂ ಸ್ವಲ್ಪ ಹೊತ್ತು ನೋಡಿದಳು.

ಮಧ್ಯಾಹ್ನ ಎರಡೂವರೆಗೆ ಕೇಬಲ್ ಕೂತಿತು. ಸರ್ವರ್ ಆನ್ ಆಗಿ, ಕಪ್ಪು ಪರದೆಯ ಮೇಲೆ ಅಕ್ಷರಗಳು ಒಂದೊಂದೇ ಸಾಲು ಮೂಡತೊಡಗಿದವು. ಐದನೆಯ ಡಿಸ್ಕ್ ಬಂತು. ಆರು. ಏಳು. ಎಂಟು. ಶ್ರೀಕಾಂತ್ ಸಂತೋಷದಲ್ಲಿ ಅವಳ ಕೈ ಹಿಡಿದುಕೊಂಡ. ಹಿಡಿದದ್ದು ಅರಿವಾದರೂ ತಕ್ಷಣ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

ರಿಪೋರ್ಟನ್ನು ಅವಳು ಅಲ್ಲೇ ಕುಳಿತು ಬರೆದಳು. ಡಿಸ್ಕ್‌ಗಳನ್ನು ಸರಿಯಾಗಿಯೇ ಹಾಕಲಾಗಿದೆ. ಸರ್ವರ್ ಕೊಂಡ ದಿನದಿಂದಲೇ ಒಂದು ಕೇಬಲ್ ಇರಲಿಲ್ಲ. ಇಲ್ಲಿಯ ಇಂಜಿನಿಯರ್ ಮೊದಲೇ ಮಾಡಿಟ್ಟ ಪರೀಕ್ಷೆಗಳಿಂದಾಗಿ ಕಾರಣ ಬೇಗ ಸಿಕ್ಕಿತು. ಸೆಂಟರ್ ನಡೆಸುವ ಡಾಕ್ಟರಿಗೂ ತನ್ನ ಮ್ಯಾನೇಜರಿಗೂ ಒಟ್ಟಿಗೇ ಕಳಿಸಿ ಲ್ಯಾಪ್‌ಟಾಪ್ ಮುಚ್ಚಿದಳು.

ಸೋಮವಾರ ಮ್ಯಾನೇಜರ್ ಫೋನ್ ಮಾಡಿ, ಏಪ್ರಿಲ್‌ನಿಂದ ನಿನಗೆ ಕೆಲಸವಿಲ್ಲ ಎಂದ. ಮಂಜರಿ ಫೋನಿಟ್ಟು ರೆಸ್ಯೂಮೆ ತೆಗೆದು ತಿದ್ದತೊಡಗಿದಳು. ಬರೆದ ರಿಪೋರ್ಟಿನ ಒಂದು ಪದವನ್ನೂ ಬದಲಿಸಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಶ್ರೀಕಾಂತ್ ಪ್ರತಿ ಸಂಜೆ ಫೋನ್ ಮಾಡುತ್ತಿದ್ದ. ಒಂದು ದಿನ ಡಿಸ್ಕ್ ಸ್ವಲ್ಪ ಬಿಸಿ ಅನ್ನಿಸುತ್ತದೆ ಎಂದ. ಇನ್ನೊಂದು ದಿನ ಫ್ಯಾನಿನ ಸದ್ದು ಬದಲಾಗಿದೆ ಎಂದ. ಐದು ನಿಮಿಷ ಸರ್ವರ್, ಐವತ್ತು ನಿಮಿಷ ಬೇರೆ ಎಲ್ಲ: ಅವನ ಧಾರವಾಡ, ಅವಳು ಹದಿಮೂರನೆಯ ವಯಸ್ಸಿಗೆ ಬಿಟ್ಟುಬಂದ ಮೈಸೂರು, ಇಬ್ಬರಿಗೂ ಬಾರದ ಐಸ್ ಸ್ಕೇಟಿಂಗ್. ಕಾಂಟ್ರಾಕ್ಟ್ ಹೋದ ಮಾತನ್ನು ಮಾತ್ರ ಅವಳು ಎತ್ತಲಿಲ್ಲ.

ಏಪ್ರಿಲ್ ಎರಡನೆಯ ಶನಿವಾರ ಮಧ್ಯಾಹ್ನ, ನಾರ್ತ್‌ವಿಲ್‌ನ ಮನೆಯ ಮುಂದೆ ಇಲಿನಾಯ್ ನಂಬರ್ ಪ್ಲೇಟಿನ ಕಾರು ಬಂದು ನಿಂತಿತು. ಅಂಗಳದ ಹಳೆಯ ಎಲೆಗಳನ್ನು ಬಾಚುತ್ತಿದ್ದ ಮಂಜರಿ ರೇಕ್ ಹಿಡಿದೇ ನೋಡಿದಳು. ಶ್ರೀಕಾಂತ್ ಇಳಿದ. ಶೇವ್ ಮಾಡಿದ್ದ, ಇಸ್ತ್ರಿ ಮಾಡಿದ ಶರ್ಟ್ ಹಾಕಿದ್ದ.

"ಡಾಕ್ಟರ್ ನಿನ್ನೆ ಹೇಳಿದ್ರು, ನಿಮ್ಮ ಕಾಂಟ್ರಾಕ್ಟ್ ಹೋತು ಅಂತ. ನನಗ ಯಾಕ ಹೇಳಲಿಲ್ಲ?"

"ಹೇಳಿದ್ರೆ ದಿನಾ ಥ್ಯಾಂಕ್ಸ್ ಹೇಳೋಕೆ ಫೋನ್ ಮಾಡ್ತಿದ್ರಿ. ನೀವು ಸುಮ್ನೆ ಫೋನ್ ಮಾಡೋದೇ ನನಗೆ ಇಷ್ಟವಾಗಿತ್ತು." ಮಂಜರಿ ರೇಕ್‌ನ ಹಿಡಿಗೆ ಗದ್ದ ಊರಿದಳು. "ಈಗ ಕೆಲಸ ಕೊಡಿಸೋಕೆ ಬಂದ್ರಾ?"

"ಡಾಕ್ಟರ್ ನಿಮ್ಮನ್ನ ನೇರವಾಗಿ ತಗೋಬೇಕಂತಾರ. ಅದನ್ನ ಅವರೇ ಸೋಮವಾರ ಫೋನ್ ಮಾಡಿ ಕೇಳ್ತಾರ. ಅದಕ್ಕ ನಾ ಬಂದಿಲ್ಲ." ಅವನು ಉಸಿರು ತೆಗೆದುಕೊಂಡ. "ಡಿಸ್ಕ್ ಬಿಸಿ ಇರಲಿಲ್ರಿ. ಫ್ಯಾನ್ ಸದ್ದೂ ಮಾಡಲಿಲ್ಲ. ಸರ್ವರ್ ಅವತ್ತಿನಿಂದ ಭಾಳ ಛಲೋ ಅದ."

"ಗೊತ್ತು."

"ಗೊತ್ತಿತ್ತಾ?"

"ನಾನು ರಿಪೇರಿ ಮಾಡಿದ್ದು ಅಷ್ಟು ಬೇಗ ಕೆಡಲ್ಲ ಶ್ರೀಕಾಂತ್."

ಅವನ ಎಡಗೆನ್ನೆಯಲ್ಲಿ ಗುಳಿ ಬಿತ್ತು. "ನನಗ ನೀವು ಬೇಕು ಮಂಜರಿ. ಇದನ್ನ ಹೇಳಲಿಕ್ಕ ದಾರಿಯುದ್ದಕ್ಕೂ ಏನೇನೋ ಛಂದ ಮಾತು ಜೋಡಿಸಿಕೊಂಡು ಬಂದಿದ್ದೆ. ನಿಮ್ಮನ್ನ ನೋಡಿದ ಕೂಡ್ಲೆ ಇಷ್ಟೇ ಉಳೀತು."

ಮಂಜರಿ ರೇಕನ್ನು ಮರಕ್ಕೆ ಒರಗಿಸಿ ಅವನ ಹತ್ತಿರ ಬಂದಳು. "ಆ ಶನಿವಾರ ಮನೆಗೆ ವಾಪಸ್ ಬರುವಾಗ ನಾಲ್ಕೂವರೆ ಗಂಟೆಯ ದಾರಿಯುದ್ದಕ್ಕೂ ನಾನು ರೇಡಿಯೋ ಹಾಕಲೇ ಇಲ್ಲ. ನಿಮ್ಮ ಒಂದೊಂದು ಮಾತನ್ನೂ ಮತ್ತೆ ಮತ್ತೆ ನೆನಪು ಮಾಡ್ಕೊಂಡು ಬಂದೆ. ನನಗೂ ನೀವು ಬೇಕು. ನೀವು ಇವತ್ತು ಬರದೇ ಇದ್ದಿದ್ರೆ ಮುಂದಿನ ವಾರ ನಾನೇ ಬರ್ತಿದ್ದೆ."

ಮುಂಬಾಗಿಲು ತೆರೆಯಿತು. ಅವಳ ಅಮ್ಮ ವಸುಧಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಕಾರನ್ನೂ ಹೊಸಬನನ್ನೂ ನೋಡಿದರು. "ಯಾರೇ ಮಂಜು ಇವರು?"

"ಶ್ರೀಕಾಂತ್ ಅಂತ ಅಮ್ಮ. ಶಿಕಾಗೋದಿಂದ ನನ್ನನ್ನ ನೋಡೋಕೆ ಬಂದಿದ್ದಾರೆ."

ವಸುಧಾ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದರು. ಮಗಳ ಮುಖವನ್ನೂ ಓದಿದರು.

"ಸರಿ, ನೋಡಿದ್ದಾಯ್ತಾ ಹಾಗಾದ್ರೆ?"

"ಇನ್ನೂ ಇಲ್ರಿ ಆಂಟಿ," ಎಂದ ಶ್ರೀಕಾಂತ್, ಮಂಜರಿಯ ಮೇಲಿಂದ ಕಣ್ಣು ತೆಗೆಯದೆ. "ಭಾಳ ವರ್ಷ ಹಿಡೀತದ."