ಬಲ ತಿರುವಿನಲ್ಲಿ ತೆರೆದ ಬಾಗಿಲು

ಮಾರ್ಚ್ ಹನ್ನೊಂದು, ಬೆಳಗ್ಗೆ ಒಂಬತ್ತು ಗಂಟೆ. ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಕಾರ್ಮಿಕರನ್ನು ಸಾಗಿಸುವ ವ್ಯಾನುಗಳ ಗುತ್ತಿಗೆದಾರ ಕೃಷ್ಣ ಠಾಣೆಗೆ ದೂರು ತಂದ. ಬೆಳಗ್ಗೆ 6.10ಕ್ಕೆ ಓಡುತ್ತಿದ್ದ ವ್ಯಾನಿನಲ್ಲಿ ಹನುಮೇಶನೆಂಬ ಕೆಲಸಗಾರ ಜಗಳವಾಡಿ ಹೆಂಡತಿ ಸುಮಂಗಲಾಳನ್ನು ಹೊರಕ್ಕೆ ತಳ್ಳಿ ಕೊಂದನೆಂದು ಅದರಲ್ಲಿತ್ತು.

"ಮೂರು ಗಂಟೆ ಏನ್ರೀ ಮಾಡ್ತಿದ್ರಿ?" ಇನ್ಸ್‌ಪೆಕ್ಟರ್ ಗೌರಿ ಕೇಳಿದಳು.

"ಆಸ್ಪತ್ರೆ ಓಡಾಟ ಮೇಡಂ."

ಎಫ್‌ಐಆರ್ ದಾಖಲಾಯಿತು. ಕೊಪ್ಪಳದ ಕಡೆಯ ಹನುಮೇಶನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದ್ದರು.

"ಜಗಳ ಆಡಿದ್ಯಾ?"

"ಇಲ್ರೀ. ಗಾಡಿ ತಿರುಗಿತು, ಬಾಗ್ಲಾ ತಗೀತು, ಆಕಿ ಹೊರಗ ಹೊಂಟ್ಲು. ಕೈ ಹಿಡದಿದ್ನ್ರೀ, ಜಾರಿಬಿಡ್ತು."

ಸುಮಂಗಲಾಳ ಮಣಿಕಟ್ಟಿನ ಮೇಲೆ ಉಗುರಿನ ಗೀರುಗಳಿದ್ದವು. ಅವೇ ತಳ್ಳಿದ್ದಕ್ಕೆ ಸಾಕ್ಷಿ ಎಂದು ದೂರಿನಲ್ಲಿ ಬರೆದಿತ್ತು. ತಳ್ಳುವವನು ಮಣಿಕಟ್ಟು ಹಿಡಿಯುತ್ತಾನೆಯೇ? ಗೌರಿಗೆ ಮೈ ಉರಿಯಿತು. ವ್ಯಾನಿನಲ್ಲಿದ್ದ ಉಳಿದ ಹತ್ತು ಕಾರ್ಮಿಕರೂ "ನಿದ್ದೇಲಿದ್ವಿ" ಎಂದು ತಲೆ ತಗ್ಗಿಸಿದಾಗ ಆ ಉರಿ ಇಮ್ಮಡಿಯಾಯಿತು. ಕೆಲಸ ಹೋಗುವ ಭಯ ಅವರ ಬಾಯಿ ಕಟ್ಟಿತ್ತು.

11.30ಕ್ಕೆ ವ್ಯಾನಿನ ಪಂಚನಾಮೆ. ಎಡಗಡೆಯ ಬಾಗಿಲು ತುಕ್ಕು ಹಿಡಿದಿತ್ತು, ಚಿಲಕ ಮಾತ್ರ ಥಳಥಳ ಹೊಳೆಯುತ್ತಿತ್ತು. ಊಟದ ಡಬ್ಬಿಯಿಂದ ಚೆಲ್ಲಿದ ಸಾರು ಸೀಟುಗಳ ಕೆಳಗೆ ಎಡಗೋಡೆಯವರೆಗೂ ಹರಿದು ಒಣಗಿತ್ತು.

"ನೇರ ರಸ್ತೇಲಿ ತಳ್ಳಿದ ಅಂತ ಕೃಷ್ಣ ದೂರಲ್ಲಿ ಬರೆದಿದ್ದಾನಲ್ಲ, ಸಾರು ಯಾಕೆ ಪಕ್ಕಕ್ಕೆ ಹೋಯ್ತು?" ಎಂದಳು ಗೌರಿ. ಕಾನ್‌ಸ್ಟೆಬಲ್ ಚಿನ್ನಪ್ಪ ಅದನ್ನೂ ಪಂಚನಾಮೆಯಲ್ಲಿ ಬರೆದುಕೊಂಡ.

ಎರಡು ಗಂಟೆಗೆ, ಹನುಮೇಶ ಹೇಳಿದ ತಿರುವಿನಲ್ಲಿ ರಸ್ತೆ ತಡೆದು, ಸುಮಂಗಲಾಳ ಸೀಟಿನಲ್ಲಿ ಐವತ್ತು ಕಿಲೋ ಮರಳಿನ ಮೂಟೆ ಇಟ್ಟರು. ಹೊಸದಾಗಿ ಕಂಡ ಚಿಲಕ ತೆಗೆದಿಟ್ಟು, ಬಾಗಿಲು ತಾನಾಗಿ ತೆರೆಯದಷ್ಟಕ್ಕೆ ದಾರದಿಂದ ಕಟ್ಟಿದರು. ಬೆಳಗ್ಗೆ ವ್ಯಾನು ಓಡಿಸಿದ್ದ ಚಾಲಕ ಆವಲಪ್ಪನನ್ನು ರಸ್ತೆಬದಿಯಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಂಡು, ಗೌರಿ ಚಿನ್ನಪ್ಪನಿಗೆ ಓಡಿಸಲು ಹೇಳಿದಳು. ವ್ಯಾನು ವೇಗವಾಗಿ ಬಲಕ್ಕೆ ತಿರುಗಿತು. ಮೂಟೆ ಮಾತ್ರ ಬಂದ ದಾರಿಯಲ್ಲೇ ನೇರ ಹೋಗಲು ನೋಡಿತು; ಎಡಕ್ಕೆ ಜಾರಿ, ಬಾಗಿಲಿಗೆ ಗುದ್ದಿ, ದಾರ ಹರಿದುಕೊಂಡು ರಸ್ತೆಗೆ ಬಿತ್ತು.

"ಯಾರ್ ತಳ್ಳಿದ್ರು ಅದನ್ನ?" ಗೌರಿ ಗುಡುಗಿದಳು. "ಹೇಳಯ್ಯಾ!"

ಆವಲಪ್ಪ ಬಾಯಿಬಿಟ್ಟ. "ಚಿಲಕ ಕಿತ್ತೋಗಿ ವಾರ ಆಗಿತ್ತು ಮೇಡಂ. ಕೃಷ್ಣ ಅವ್ರಿಗೆ ಮೂರ್ ಸಲ ಹೇಳ್ದೆ. ಹಗ್ಗ ಕಟ್ಕೊಂಡು ಓಡ್ಸು ಅಂದ್ರು. ಇವತ್ತು ಬೆಳಗ್ಗೆ ಆಯಮ್ಮ ಬಿದ್ಮೇಲೆ ಅವ್ರೇ ಹೊಸದು ಹಾಕ್ಸಿದ್ರು."

ಹನುಮೇಶನನ್ನು ಬಿಟ್ಟರು. "ಆಕಿನ್ನ ಯಾವಾಗ ಕೊಡ್ತಾರ್ರೀ?" ಎಂದಷ್ಟೇ ಅವನು ಕೇಳಿದ. ಗೌರಿ ಅವನ ಮುಖ ನೋಡಲಾಗದೆ ಚಿನ್ನಪ್ಪನನ್ನು ಜೊತೆ ಮಾಡಿ ಶವಾಗಾರಕ್ಕೆ ಕಳಿಸಿದಳು. ಚಿಲಕವಿಲ್ಲದ ಗಾಡಿ ಓಡಿಸಿದ್ದಕ್ಕೆ ಆವಲಪ್ಪನ ಮೇಲೂ ಪ್ರಕರಣ ದಾಖಲಾಯಿತು.

ಸಂಜೆ 5.40ಕ್ಕೆ ಕೃಷ್ಣನ ಬಂಧನವಾಯಿತು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ, ಸುಳ್ಳು ದೂರು.

"ಒಂದ್ ದಿನ ಗಾಡಿ ನಿಂತ್ರೂ ರೂಟ್ ಬೇರೆಯವ್ರಿಗೆ ಹೋಗುತ್ತೆ ಮೇಡಂ," ಎಂದ ಕೃಷ್ಣ ಸಣ್ಣ ದನಿಯಲ್ಲಿ. "ಹದಿನಾರು ವರ್ಷ ಕಂಡೋರ ಗಾಡಿ ಓಡ್ಸಿದೀನಿ. ಮತ್ತೆ ಅಲ್ಲಿಗೇ ಹೋಗೋಕೆ ಹೆದರಿಕೆ ಆಯ್ತು."

ಹದಿನಾರು ವರ್ಷ ಓಡಿಸಿದವನಿಗೆ, ಹಗ್ಗ ಕಟ್ಟಿದ ಬಾಗಿಲಿನ ಪಕ್ಕ ಕೂತವರಿಗೆ ತಿರುವಿನಲ್ಲಿ ಏನಾಗುತ್ತದೆಂದು ಗೊತ್ತಿತ್ತು. ಗೌರಿ ಅದನ್ನೇ ವರದಿಯ ಮೊದಲ ಸಾಲಾಗಿ ಬರೆದಳು.