ಕೌದಿ ಅಕ್ಕನ ಚೂರುಬಟ್ಟೆ

ಆ ಸಂಜೆ ಚೂರುಬಟ್ಟೆಯ ಚೀಲ ಹೊತ್ತು ಮೆಟ್ಟಿಲು ಹತ್ತಿ ಬಂದ ಟೈಲರ್‌ನ ಮುಖದಲ್ಲಿ ಎಂದೂ ಇಲ್ಲದ ಹುರುಪಿತ್ತು. ಈ ಸಲ ತಾನೇ ಬಣ್ಣಬಣ್ಣಕ್ಕೆ ಬೇರೆ ಮಾಡಿ ಗಂಟು ಕಟ್ಟಿದ್ದೇನೆ, ನಿಮಗೆ ಅರ್ಧ ಕೆಲಸ ತಪ್ಪಿತು ಎಂದ.

ಬೀದಿಯವರೆಲ್ಲ ಕೌದಿ ಅಕ್ಕ ಎನ್ನುವ ಅವಳಿಗೆ ಆ ಅರ್ಧ ಕೆಲಸವೇ ಸಂಜೆಯ ಜೊತೆ. ಗಂಡ ತೀರಿಕೊಂಡ ಮೇಲೆ ಮಹಡಿಯ ಆ ಒಂಟಿ ಕೋಣೆಯಲ್ಲಿ, ನೆಲದ ಮೇಲೆ ಕೂತು ನೀಲಿಗೆ ನೀಲಿ, ಹಳದಿಗೆ ಹಳದಿ ಸೇರಿಸುತ್ತ ಹೊತ್ತು ಕಳೆಯುತ್ತಿದ್ದಳು. ಆಮೇಲೆ ಅಂಗೈಯಗಲದ ಚೂರುಗಳನ್ನು ಕೂಡಿಸಿ ಒಂದೊಂದೇ ಚೌಕ ಹೊಲಿಯುವುದು, ಚೌಕಗಳನ್ನೆಲ್ಲ ಜೋಡಿಸಿ ಕೌದಿ ಮಾಡುವುದು. ಆ ಕೌದಿ ಯಾರದೋ ಮನೆಗೆ ಹೋಗುತ್ತಿತ್ತು, ಯಾರನ್ನೋ ಬೆಚ್ಚಗಿಡುತ್ತಿತ್ತು.

ಬೇಸರ ತೋರಗೊಡದೆ ಮೊದಲ ಗಂಟು ಬಿಚ್ಚಿದಳು. ಎಲೆಹಸಿರು, ಇಟ್ಟಿಗೆಕೆಂಪು, ಕಂದು ಎಲ್ಲ ಒಂದೇ ಸಂಸಾರದವರ ಹಾಗೆ ಮೈಗೆ ಮೈ ಹಚ್ಚಿ ಮಲಗಿದ್ದವು. ಅವಳಿಗೆ ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಲೆ ಎತ್ತಿದಾಗ ಅವನ ಮುಖ ಸಣ್ಣದಾಗಿತ್ತು. ಸರಸರ ಮೆಟ್ಟಿಲಿಳಿದು ಹೋದ.

ಆಮೇಲೆ ಚೀಲ ಬರಲೇ ಇಲ್ಲ. ಇದ್ದ ಚೂರುಗಳೂ ಮುಗಿದವು. ಅಷ್ಟು ಚಿಕ್ಕ ಕೋಣೆ ಇದ್ದಕ್ಕಿದ್ದಂತೆ ದೊಡ್ಡದೆನಿಸತೊಡಗಿತು. "ಇದ್ದೀರಾ?" ಎಂದು ಕೇಳುವ ಮುನ್ನ ಅವನು ಮೆಲ್ಲಗೆ ಕೆಮ್ಮುತ್ತಿದ್ದುದು, ಚೀಲ ಕೊಡುವಾಗ ಅವಳ ಕಡೆ ನೋಡಿ ತಟ್ಟನೆ ಗೋಡೆ ನೋಡುತ್ತಿದ್ದುದು, ಇದನ್ನೆಲ್ಲ ತಾನು ಗಮನಿಸಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಕೊನೆಗೊಂದು ದಿನ ಚಪ್ಪಲಿ ಮೆಟ್ಟಿ ಅವನ ಅಂಗಡಿಗೆ ಹೊರಟಳು.

ಅಲ್ಲಿ ಗಿರಾಕಿ ಹೆಂಗಸೊಬ್ಬಳು ಹಸಿರು ಅಂಗಿಯ ತೋಳು ಬಿಚ್ಚಿಕೊಂಡಿದೆ, ಬೇಗ ಹೊಲಿದು ಕೊಡಿ ಎಂದು ಅವಸರ ಮಾಡುತ್ತಿದ್ದಳು. ಟೈಲರ್ ದಾರದ ಉಂಡೆಗಳ ಮುಂದೆ ನಿಂತಿದ್ದ. ಅವನ ಕೈ ಒಂದು ಉಂಡೆಯ ತನಕ ಹೋಯಿತು, ಹಿಂದೆ ಬಂತು, ಮತ್ತೆ ಹೋಗಿ ಇಟ್ಟಿಗೆಕೆಂಪನ್ನು ಎತ್ತಿಕೊಂಡಿತು. ಕೌದಿ ಅಕ್ಕ ಬಾಗಿಲಲ್ಲೇ ನಿಂತಳು. ಈಗ ಎಲ್ಲ ಅರ್ಥವಾಯಿತು.

"ಆ ಕೆಂಪು ನಂಗೆ ಬೇಕಿತ್ತು, ಕೊಡಿ," ಎಂದಳು ಬಾಗಿಲಿಂದಲೇ. "ಅವರಿಗೆ ಪಕ್ಕದ್ದು ಸರಿಹೋಗುತ್ತೆ."

ಗಿರಾಕಿ ಹೋದ ಮೇಲೆ ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ಹುಟ್ಟಿದಾಗಿನಿಂದ ಅವನಿಗೆ ಕೆಂಪೂ ಹಸಿರೂ ಒಂದೇ. ತಂಗಿಯೊಬ್ಬಳಿಗೇ ಗೊತ್ತಿದ್ದದ್ದು, ದಾರ ಆರಿಸಿ ಕೊಡುತ್ತಿದ್ದವಳು ಅವಳೇ. ಮದುವೆಯಾಗಿ ಅವಳು ಹೋದ ಮೇಲೆ ಅಂದಾಜಿನ ಮೇಲೆ ಬದುಕು. ಜನಕ್ಕೆ ತಿಳಿದರೆ ಬಟ್ಟೆ ಕೊಡುವವರು ಯಾರು? ನೆರವಾಗುವ ಆಸೆಗೆ ಆ ಗಂಟುಗಳನ್ನೂ ಅಂದಾಜಿನಲ್ಲೇ ಕಟ್ಟಿದ್ದ, ಕೌದಿ ಅಕ್ಕ ನಕ್ಕಾಗ ಗುಟ್ಟು ಬಯಲಾಯಿತೆಂದುಕೊಂಡನಂತೆ.

"ನಿಮ್ಮನ್ನ ನೋಡಿ ನಕ್ಕಿದ್ದಲ್ಲ," ಎಂದಳು. "ನಾನು ನಕ್ಕು ಎಷ್ಟೋ ಕಾಲ ಆಗಿತ್ತು. ತಡಿಯೋಕಾಗ್ಲಿಲ್ಲ. ನೀವು ಹೋದ್ಮೇಲೆ ಕೂತು ಅತ್ಬಿಟ್ಟೆ."

"ನಗು ಚೆನ್ನಾಗಿತ್ತು," ಎಂದ ಅವನು. "ಕೆಳಗಿಳಿಯೋವಾಗ್ಲೂ ಅದನ್ನೇ ಕೇಳಿಸ್ಕೊಳ್ತಿದ್ದೆ."

ಅವಳು ಸ್ಟೂಲ್ ಎಳೆದುಕೊಂಡು ಕೂತು ಉಂಡೆಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕತೊಡಗಿದಳು. ಒಂದೊಂದರ ಬಣ್ಣ ಹೇಳುತ್ತಿದ್ದಳು. ಅವನು ಡಬ್ಬಿ ಬಿಟ್ಟು ಅವಳನ್ನೇ ನೋಡುತ್ತಿದ್ದ.

"ನೀವು ಹಾಕ್ಕೊಂಡಿರೋದು ಯಾವ ಬಣ್ಣ?"

ಅವಳು ತನ್ನ ಬಟ್ಟೆಯನ್ನು ಯಾರದೋ ಎಂಬಂತೆ ನೋಡಿಕೊಂಡಳು. "ಬೂದಿ ಬಣ್ಣ. ಯಾವಾಗ್ಲೂ ಇದೇ."

"ನಾಳೆ ಬೇರೆ ಏನಾದ್ರೂ ಹಾಕ್ಕೊಳ್ಳಿ. ಯಾವುದು ಅಂತ ಬಂದು ಹೇಳಿ."

"ನಾಳೆ ಮಾತ್ರನಾ?"

ಅವನು ಈ ಸಲ ಗೋಡೆ ನೋಡಲಿಲ್ಲ. "ದಿನಾ ಹೇಳಿ. ಸಂಜೆ ಆ ಕೋಣೆಗೆ ಒಬ್ರೇ ವಾಪಸ್ ಹೋಗೋದೂ ಬೇಡ. ನನ್ನ ಜೊತೆ ಇದ್ಬಿಡಿ."

ಅವಳ ಕೈ ಡಬ್ಬಿಯಲ್ಲೇ ನಿಂತಿತು. ಕೆನ್ನೆ, ಕಿವಿ ಎಲ್ಲ ಬಿಸಿಯಾದವು. ಅವನು ಉತ್ತರಕ್ಕೆ ಕಾಯುತ್ತಲೇ ಇದ್ದ, ಏನೂ ತಿಳಿಯದವನ ಹಾಗೆ.

"ಮುಖ ಕೆಂಪಾಗಿದೆ ನಂದು," ಎಂದಳು ತಲೆ ಎತ್ತದೆ. "ನಿಮಗೆ ಕಾಣಲ್ವಲ್ಲ, ಅದಕ್ಕೇ ಹೇಳ್ತಿದ್ದೀನಿ."